ಕೆನೆತ್‌ನ ಮುತ್ತಜ್ಜನ ಶಾಲು

ಸೆಪ್ಟೆಂಬರ್ 29, ಭಾನುವಾರ, ಸೊಲ್ಲೆಂಟುನಾ

ಸ್ವೀಡನ್ನಿಗೆ, ಮಗಳ ಮನೆಗೆ ಬಂದು ಹತ್ತು ದಿನ ಆಯ್ತು. ಇವತ್ತು ಆಸಾಮಿಯನ್ನು ಕಣ್ಣಾರೆ ನೋಡಿದೆ. ಹೆಸರು ಕೆನೆತ್. ನಮ್ಮ ಊರಿನ ಚರ್ಚಿನ ಸಭೆಯಲ್ಲೇ ನಾಲ್ಕು ಜನ ಕೆನೆತ್ ಇದ್ದಾರೆ, ಒಬ್ಬನೂ ಉದ್ಧಾರ ಆಗಲಿಲ್ಲ. ಇವನು ಸ್ವೀಡನ್ನಿನವನೇ. ಲಿಫ್ಟ್ ರಿಪೇರಿ ಕೆಲಸ, ವಯಸ್ಸು ಮೂವತ್ತನಾಲ್ಕು. ನನ್ನ ಮಗಳು ಮೆಲಿಸಾ ಇವನನ್ನು ಮದುವೆ ಆಗ್ತಾಳಂತೆ. ಡಿಸೆಂಬರ್ 28ಕ್ಕೆ, ನಮ್ಮ ಊರಿನ ಚರ್ಚಿನಲ್ಲೇ. ಅವಳ ಅಮ್ಮನ ಸಮಾಧಿ ಅಲ್ಲಿ ಉಂಟು, ಹಾಗಾಗಿ ಅಲ್ಲೇ ಆಗಬೇಕು ಅಂತ ಹಠ.

ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಬೇಕು. ಇಂಥವರ ಮಗ ಇಂಥವನಿಗೂ ಇಂಥವರ ಮಗಳು ಇಂಥವಳಿಗೂ ಮದುವೆ, ಆಕ್ಷೇಪ ಇದ್ದವರು ತಿಳಿಸಿ ಅಂತ. ಹುಡುಗಿಯ ಅಪ್ಪ ಒಪ್ಪಿ ಪಾದ್ರಿ ಅಯ್ಯನವರಿಗೆ ವಿವರ ಕೊಟ್ಟರೆ ಮಾತ್ರ ಓದುವುದು. ನವೆಂಬರ್ 17ರ ಒಳಗೆ ಕೊಡಬೇಕಂತೆ. ಕೊಡುವುದು ಬಿಡುವುದು ನನ್ನ ಕೈಯಲ್ಲಿ ಉಂಟು. ಅವಸರ ಎಂತದು, ನೋಡುವ.

ಆಸಾಮಿ ಬಾಗಿಲಲ್ಲೇ ಶೂ ಬಿಚ್ಚಿದ. ಇಲ್ಲಿ ಎಲ್ಲರೂ ಬಿಚ್ಚುತ್ತಾರಂತೆ, ಅದರಲ್ಲಿ ದೊಡ್ಡಸ್ತಿಕೆ ಎಂತದೂ ಇಲ್ಲ. ಕಾಲುಚೀಲದಲ್ಲಿ ತೂತು. ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಹೊಟ್ಟೆಯಲ್ಲಿ ಎಂತ ಇರ್ತದೆ ಅಂತ ದೇವರಿಗೇ ಗೊತ್ತು. "ನಿಮ್ಮ ತಂದೆಯವರು ಎಂತ ಮಾಡ್ತಾರೆ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ಮೆಲಿಸಾ ನಡುವೆ ಬಂದಳು.

"ಪಪ್ಪಾ, ಇವರದ್ದು ಮೂಲ ಸ್ಕಾಟ್‌ಲ್ಯಾಂಡ್. ಹಳೇ ಮನೆತನ. ಅವರ ಮನೆತನಕ್ಕೆ ಅಂತಲೇ ಒಂದು ಬಟ್ಟೆ ಉಂಟು."

ನನ್ನ ಹತ್ತಿರ ಬಟ್ಟೆಯ ವಿಷಯ ಎತ್ತಿದ್ದಾಳೆ. ಆಗಲಿ, ಬಟ್ಟೆಯನ್ನೇ ಕೇಳುವ.

ಅಕ್ಟೋಬರ್ 5, ಶನಿವಾರ

ಶಾಲು ಬಂತು. ಇದಕ್ಕೆ ಟಾರ್ಟನ್ ಅಂತಾರೆ. ನಮ್ಮ ಕಡೆ ಗೋತ್ರದ ಹಾಗೆ ಬಳಿಗಳು ಇರುವಂತೆ ಅಲ್ಲಿ ಕುಲಗಳು. ಒಂದೊಂದು ಕುಲಕ್ಕೆ ಒಂದೊಂದು ಚೌಕುಳಿ. ಹೆಗಲ ಮೇಲಿನ ಬಟ್ಟೆ ನೋಡಿ ಯಾರ ಮನೆಯವ ಅಂತ ಹೇಳಬಹುದಂತೆ. ಒಳ್ಳೆ ಪದ್ಧತಿ. ನಮ್ಮಲ್ಲೂ ಇದ್ದಿದ್ದರೆ ನನಗೆ ಎಷ್ಟೋ ತಲೆಬಿಸಿ ತಪ್ಪುತ್ತಿತ್ತು. ಇವನ ಕುಲದ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ, ಚೀಟಿಯಲ್ಲಿ ಬರೆಸಿಕೊಂಡಿದ್ದೇನೆ. ಮುತ್ತಜ್ಜನ ಶಾಲಂತೆ, ನೂರು ವರ್ಷ ಹಳೆಯದಂತೆ, ಕೈಮಗ್ಗದ ಉಣ್ಣೆಯಂತೆ. ಮೂರು "ಅಂತೆ".

ಚೆಂದ ಉಂಟು, ಸುಳ್ಳು ಯಾಕೆ ಹೇಳಲಿ. ಕಡು ಹಸಿರು, ಕಡು ನೀಲಿ, ನಡುನಡುವೆ ಕಪ್ಪು ಪಟ್ಟಿ. ಹಸಿರಿನ ಹೊಟ್ಟೆಯಲ್ಲಿ ತೆಳ್ಳಗೆ ಕೆಂಪು ಗೀರು, ನೀಲಿಯ ಹೊಟ್ಟೆಯಲ್ಲಿ ಬಿಳಿ ಗೀರು. ಹಾಸಿನಲ್ಲಿ ಯಾವ ಕ್ರಮವೋ ಹೊಕ್ಕಿನಲ್ಲೂ ಅದೇ ಕ್ರಮ. ಕೆಂಪು ಗೀರಿನ ತನಕ ಹೋದ ಬಣ್ಣಗಳು ಬಂದ ದಾರಿಯಲ್ಲೇ ತಿರುಗಿ ಬರುತ್ತವೆ. ಹಸಿರು ಹಾಸಿನ ಮೇಲೆ ನೀಲಿ ಹೊಕ್ಕು ಬಿದ್ದಲ್ಲಿ ಹಸಿರೂ ಅಲ್ಲದ ನೀಲಿಯೂ ಅಲ್ಲದ ಮೂರನೆಯ ಬಣ್ಣ. ನೂಲು ಐದೇ ಬಣ್ಣದ್ದು, ಕಣ್ಣಿಗೆ ಹದಿನೈದು ಕಾಣ್ತದೆ. ನೇಕಾರರ ಸೊಸೈಟಿಯಲ್ಲಿ ಮೂವತ್ತೆಂಟು ವರ್ಷ ಚೌಕುಳಿ ಸೀರೆ, ಚೌಕುಳಿ ಬೈರಾಸು ನೇಯಿಸಿದವ ನಾನು. ಚೆಂದ ನೋಡಿ ಮರುಳಾಗುವವ ಅಲ್ಲ.

"ನಿಮ್ಮ ಮುತ್ತಜ್ಜ ಎಂತ ಕೆಲಸ ಮಾಡ್ತಿದ್ದರು?" ಅಂತ ಕೇಳಿದೆ.

"ಕುರಿ," ಅಂದ ಕೆನೆತ್.

"ಹಡಗು," ಅಂದಳು ಮೆಲಿಸಾ. ಇಬ್ಬರೂ ಒಟ್ಟಿಗೇ ಹೇಳಿದ್ದು.

ಆಮೇಲೆ ಮೆಲಿಸಾ, "ಹಡಗಿನಲ್ಲಿ ಕುರಿ ಸಾಗಿಸ್ತಿದ್ದರು ಪಪ್ಪಾ," ಅಂದಳು. ಆಸಾಮಿಯ ಕಿವಿ ಕೆಂಪಾಯ್ತು. ಸುಳ್ಳ. ನನ್ನ ಮಗಳು ಪಾಪದವಳು, ಅವನು ಹೇಳಿಕೊಟ್ಟದ್ದನ್ನು ನಂಬಿ ಗಿಣಿಪಾಠ ಒಪ್ಪಿಸ್ತಾ ಇದ್ದಾಳೆ.

ಅಕ್ಟೋಬರ್ 9, ಬುಧವಾರ

ಮೆಲಿಸಾ ಕಿಸ್ತಾಕ್ಕೆ ಕೆಲಸಕ್ಕೆ ಹೋದಳು. ನಾನು ಬಾಗಿಲು ಒಳಗಿಂದ ಭದ್ರ ಮಾಡಿ, ಎಳೆ ಎಣಿಸುವ ಭೂತಗನ್ನಡಿ ತೆಗೆದು ಶಾಲಿನ ಮುಂದೆ ಕೂತೆ. ಎದುರು ಮನೆಯ ಹೆಂಗಸು ಕಿಟಕಿಯಿಂದ ನೋಡ್ತಾ ಇದ್ದಳು. ಪರದೆ ಎಳೆದೆ.

ಹಸಿರು ಹಾಸಿನಲ್ಲಿ ಮೂವತ್ತೆರಡು ಎಳೆ, ಹೊಕ್ಕಿನಲ್ಲಿ ಇಪ್ಪತ್ತೆಂಟು. ಚೌಕ ಸರಿಯಾಗಿ ಚೌಕ ಇಲ್ಲ. ಅದು ದೊಡ್ಡದಲ್ಲ, ಕೈಮಗ್ಗದಲ್ಲಿ ಹೆಚ್ಚುಕಮ್ಮಿ ಆಗ್ತದೆ. ಆದರೆ ಇಡೀ ಶಾಲಿನಲ್ಲಿ ಪ್ರತಿ ಚೌಕದಲ್ಲೂ ಅದೇ ಇಪ್ಪತ್ತೆಂಟು. ಕೈಯಲ್ಲಿ ನೇಯುವವ ಒಂದೊಂದು ಸಲ ಒಂದೊಂದು ತರ ತಪ್ಪುತ್ತಾನೆ. ಬೆಳಿಗ್ಗೆ ಒಂದು ತಪ್ಪು, ಹಸಿವಾದಾಗ ಇನ್ನೊಂದು. ಒಂದೇ ತಪ್ಪನ್ನು ನೂರು ಸಲ ಮಾಡುವುದು ಯಂತ್ರ ಮಾತ್ರ.

ಮೆಲಿಸಾಳಿಗೆ ಹೇಳಲಿಲ್ಲ. ಪೂರ್ತಿ ಸಾಕ್ಷಿ ಸಿಕ್ಕಲಿ. ನಾಲ್ಕು ವರ್ಷದ ಹಿಂದೆಯೂ ಹಾಗೇ ಮಾಡಿದ್ದೆ. ಪ್ರಜ್ಞೇಶ್ ಅಂತ ಒಬ್ಬನನ್ನು ಮದುವೆ ಆಗ್ತೇನೆ ಅಂತ ತೋರಿಸಿದ್ದಳು. ಒಳ್ಳೆಯ ಹುಡುಗನ ಹಾಗೇ ಕಂಡ. ನಾನು ನಾಲ್ಕು ಕಡೆ ವಿಚಾರಿಸಿದೆ. ಅಪ್ಪ ಮನೆ ಬಿಟ್ಟು ಹೋದವ ಅಂತ ಗೊತ್ತಾಯ್ತು. ಅಲ್ಲಿಗೆ ಮುಗಿಸಿದೆ. ಮೆಲಿಸಾ ಒಂದು ಮಾತೂ ಆಡಲಿಲ್ಲ. ಅವಳಿಗೂ ಸರಿ ಕಂಡಿರಬೇಕು.

ಅಕ್ಟೋಬರ್ 16

ಲೈಬ್ರರಿಗೆ ಹೋಗಿದ್ದೆ. ಟಾರ್ಟನ್ನಿನ ದೊಡ್ಡ ಪುಸ್ತಕ ಸಿಕ್ಕಿತು. ಚೀಟಿ ಹಿಡಿದು ಇವರ ಕುಲ ಹುಡುಕಿದೆ. ಹಸಿರು ಸರಿ, ನೀಲಿ ಸರಿ, ಕಪ್ಪು ಸರಿ, ಕೆಂಪು ಗೀರೂ ಸರಿ. ಆದರೆ ನೀಲಿಯ ಮಧ್ಯದ ಗೀರು ಪುಸ್ತಕದಲ್ಲಿ ಹಳದಿ, ಶಾಲಿನಲ್ಲಿ ಬಿಳಿ. ಒಂದು ಗೀರು ಬೇರೆ ಆದರೆ ಕುಲವೇ ಬೇರೆ.

ಆ ಪುಸ್ತಕದಲ್ಲೇ ಇನ್ನೊಂದು ವಿಷಯ ಉಂಟು. ಈ ಚೌಕುಳಿಗಳಲ್ಲಿ ಬಹಳಷ್ಟಕ್ಕೆ ಮೊದಲು ಕುಲದ ಹೆಸರೇ ಇರಲಿಲ್ಲವಂತೆ. ಬಟ್ಟೆ ವ್ಯಾಪಾರಿಗಳು ನಂಬರು ಹಾಕಿ ಮಾರ್ತಾ ಇದ್ದರು, ಇನ್ನೂರು ವರ್ಷದ ಹಿಂದೆ ಒಂದೊಂದಕ್ಕೆ ಒಂದೊಂದು ಮನೆತನದ ಹೆಸರು ಅಂಟಿಸಿದರಂತೆ. ಅದು ನಮಗೆ ಬೇಡದ ಸಂಗತಿ. ಹಳದಿ ಯಾಕೆ ಬಿಳಿಯಾಯ್ತು, ಅದನ್ನು ಹೇಳಲಿ.

ಅಕ್ಟೋಬರ್ 19, ಶನಿವಾರ

ಕೆನೆತ್ ಬಂದಿದ್ದ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಯಾರೂ ಹೇಳದೆ ರಿಪೇರಿ ಮಾಡಿದ. ಹೇಳದೆ ಮಾಡುವವರ ಬಗ್ಗೆ ಹುಷಾರಾಗಿರಬೇಕು, ಆಮೇಲೆ ಎಂತದೋ ಕೇಳ್ತಾರೆ. ಇವನು ಮಗ್ಗದ ಬಗ್ಗೆ ಕೇಳಿದ. ಲಾಳಿ ಎಷ್ಟು ಸಲ ಓಡ್ತದೆ, ಎಳೆ ತುಂಡಾದರೆ ಎಂತ ಮಾಡ್ತೀರಿ ಅಂತ ಒಂದು ಗಂಟೆ. ನನ್ನನ್ನು ಒಲಿಸುವ ಉಪಾಯ. ಆದರೂ ಕೇಳಿದ ಪ್ರಶ್ನೆಗಳು ಸರಿ ಇದ್ದವು. ಸೊಸೈಟಿಗೆ ಹೊಸದಾಗಿ ಸೇರಿದವರೂ ಅಷ್ಟು ಸರಿಯಾಗಿ ಕೇಳುವುದಿಲ್ಲ.

ನಾನೂ ಬಿಡಲಿಲ್ಲ. "ಮುತ್ತಜ್ಜ ಎತ್ತರ ಇದ್ದರಾ?" ಅಂದೆ. ಹೌದಂತೆ. "ಗಡ್ಡ?" ಉಂಟಂತೆ. "ಕೋಪ?" ಸ್ವಲ್ಪ ಯೋಚನೆ ಮಾಡಿ, "ಕೋಪ ಇತ್ತು, ಆದರೆ ಮಕ್ಕಳ ಮೇಲೆ ಇರಲಿಲ್ಲ," ಅಂದ. ನೋಡಿದವನ ಹಾಗೆ ಹೇಳ್ತಾನೆ, ಕಳ್ಳ.

ಮಧ್ಯಾಹ್ನ ಮೀನು ಹುರಿದಿದ್ದೆ. ಇವನಿಗೆ ಮುಳ್ಳು ಬಿಡಿಸಲು ಬರುವುದಿಲ್ಲ. ನಾನೇ ತೆಗೆದು ಕೊಟ್ಟೆ. ಗಂಟಲಲ್ಲಿ ಸಿಕ್ಕಿಕೊಂಡರೆ ಈ ಊರಲ್ಲಿ ಆಸ್ಪತ್ರೆಗೆ ಯಾರು ಓಡುದು.

ಅಕ್ಟೋಬರ್ 30, ಬುಧವಾರ

ಸಿಕ್ಕಿಬಿದ್ದ.

ಇವತ್ತು ಬೆಳಿಗ್ಗೆ ಶಾಲಿನ ಕುಚ್ಚಿನಿಂದ ಐದು ಬಣ್ಣದ ಎಳೆಯನ್ನೂ ಒಂದೊಂದು ಎಳೆದುಕೊಂಡೆ. ಅಡುಗೆಮನೆಯಲ್ಲಿ ಕಾಗದ ಸುರುಟಿ ಹೊತ್ತಿಸಿ ಒಂದೊಂದನ್ನೇ ಸುಟ್ಟು ನೋಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೆರಳಲ್ಲಿ ಉಜ್ಜಿದರೆ ಬೂದಿ ಆಗಬೇಕು. ಇದು ಕರಗಿತು. ಕಪ್ಪು ಉಂಡೆಯಾಗಿ ಗಟ್ಟಿಯಾಯ್ತು, ಪ್ಲಾಸ್ಟಿಕ್ ವಾಸನೆ. ಐದಕ್ಕೆ ಐದೂ ಹಾಗೇ. ನೂರು ವರ್ಷದ ಹಿಂದೆ ಪ್ಲಾಸ್ಟಿಕ್ ನೂಲು ಎಲ್ಲಿತ್ತು?

ಅಷ್ಟರಲ್ಲಿ ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಗಂಟೆ ಕಿರುಚಲಿಕ್ಕೆ ಶುರುವಾಯ್ತು. ಎದುರು ಮನೆಯ ಹೆಂಗಸು ಓಡಿ ಬಂದು ಬಾಗಿಲು ತಟ್ಟಿದಳು. ಬ್ರೆಡ್ ಕರಟಿತು ಅಂದೆ. ಅವಳೇ ಸ್ಟೂಲ್ ಹತ್ತಿ ಗಂಟೆ ನಿಲ್ಲಿಸಿ ಕಿಟಕಿ ತೆರೆದು ಹೋದಳು.

ಉಂಡೆಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟಿದ್ದೇನೆ. ಖುಷಿ ಆಗಬೇಕಿತ್ತು. ಮಧ್ಯಾಹ್ನ ಊಟ ಸೇರಲಿಲ್ಲ.

ನವೆಂಬರ್ 2, ಶನಿವಾರ

ಆದದ್ದನ್ನು ಆದ ಹಾಗೇ ಬರೀತೇನೆ.

ಇಲ್ಲಿ ಕಾಫಿಗೆ ಕೂರುವುದೇ ಒಂದು ಶಾಸ್ತ್ರ, ಫಿಕಾ ಅಂತಾರೆ. ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಮೂವರೂ ಕೂತೆವು. ನಾನು ಸಾಸರಿನಲ್ಲಿ ಆ ಐದು ಉಂಡೆಗಳನ್ನು ಸುರಿದು ಕೆನೆತ್‌ನ ಮುಂದೆ ದೂಡಿದೆ. ಎಳೆಯ ಲೆಕ್ಕ ಹೇಳಿದೆ, ಹಳದಿ ಗೀರು ಹೇಳಿದೆ, ಸುಟ್ಟದ್ದು ಹೇಳಿದೆ. "ನಿಮ್ಮ ಮುತ್ತಜ್ಜ ಪ್ಲಾಸ್ಟಿಕ್ ಕುರಿ ಸಾಕಿದ್ದರಾ?" ಅಂತ ಕೇಳಿದೆ. ಈ ಮಾತನ್ನು ಮೂರು ದಿನದಿಂದ ಕಟ್ಟಿ ಇಟ್ಟುಕೊಂಡಿದ್ದೆ.

ಅವನು ನಗಲಿಲ್ಲ. "ನೀವು ಹೇಳಿದ್ದು ಸರಿ ಅಂಕಲ್. ನನಗೆ ಮುತ್ತಜ್ಜ ಯಾರು ಅಂತ ಗೊತ್ತಿಲ್ಲ. ಅಪ್ಪ ಯಾರು ಅಂತಲೂ ಗೊತ್ತಿಲ್ಲ. ಎರಡು ವರ್ಷದವ ಇದ್ದಾಗ ಕೊಮ್ಯೂನಿನವರು, ಅಂದರೆ ನಗರಸಭೆಯವರು, ನನ್ನನ್ನು ಸಾಕುಮನೆಗೆ ಕೊಟ್ಟರು. ಬಿರ್ಗಿಟ್ಟಾ ಅಂತ, ಡಾಗಿಸ್ ಅನ್ನುವ ಶಿಶುವಿಹಾರದಲ್ಲಿ ಮಕ್ಕಳಿಗೆ ಅಡುಗೆ ಮಾಡ್ತಿದ್ದರು. ಅವರೇ ಸಾಕಿದ್ದು."

ನಾನು ಮೆಲಿಸಾಳ ಕಡೆ ತಿರುಗಿದೆ. "ಕೇಳಿದೆಯಾ? ಎಂಥ ಮೋಸ ಆಗಿದೆ ನೋಡು ನಿನಗೆ."

ಅವಳು ಬನ್ನನ್ನು ತಟ್ಟೆಯಲ್ಲಿ ಇಟ್ಟಳು. "ಮೋಸ ಆದದ್ದು ನನಗಲ್ಲ ಪಪ್ಪಾ, ನಿಮಗೆ. ಮಾಡಿದ್ದು ನಾನು."

ಸೋಲ್ನಾದಲ್ಲಿ ಜನ ಹಳೇ ಸಾಮಾನು ಮಾರುವ ಸಂತೆಯಲ್ಲಿ ಶಾಲು ತಂದದ್ದು ಅವಳೇ. ಕೆನೆತ್ ಅನ್ನುವ ಹೆಸರಿನ ಮೂಲ ಸ್ಕಾಟ್‌ಲ್ಯಾಂಡ್ ಅಂತ ಎಲ್ಲೋ ಓದಿ ಕಥೆ ಕಟ್ಟಿದ್ದೂ ಅವಳೇ. ಬೇಡ ಅಂತ ಅವನು ಮೊದಲ ದಿನವೇ ಹೇಳಿದ್ದನಂತೆ. ಬಟ್ಟೆ ಅಂದರೆ ಪಪ್ಪ ಕರಗ್ತಾರೆ, ನನಗೆ ಗೊತ್ತುಂಟು ಅಂತ ಇವಳು ಒಪ್ಪಿಸಿದ್ದಂತೆ.

"ಯಾಕೆ?" ಅಂತ ಕೇಳಿದೆ.

"ಯಾರ ಮಗ ಅಂತ ನೀವು ಕೇಳ್ತೀರಿ ಅಂತ. ಪ್ರಜ್ಞೇಶ್ ವಿಷಯದಲ್ಲಿ ನಾಲ್ಕು ಕಡೆ ಕೇಳಿದಿರಲ್ಲ, ಆ ನಾಲ್ಕು ಕಡೆಯವರೂ ಅವನ ಅಮ್ಮನ ಹತ್ತಿರ ಹೋಗಿ ಹೇಳಿದರು. ರೇಮಂಡಣ್ಣ ನಿಮ್ಮ ಗಂಡ ಎಲ್ಲಿ ಅಂತ ವಿಚಾರಿಸ್ತಿದ್ದಾರೆ ಅಂತ. ಅವರು ಆರು ತಿಂಗಳು ಚರ್ಚಿಗೆ ಬರಲಿಲ್ಲ. ನಿಮಗೆ ಗೊತ್ತುಂಟಾ? ಅವರ ಮುಖ ನೋಡಲಿಕ್ಕೆ ಆಗದೇ ನಾನು ಇಷ್ಟು ದೂರ ಕೆಲಸ ಹುಡುಕಿದ್ದು."

"ನಿನ್ನ ಒಳ್ಳೆಯದಕ್ಕೇ ಕೇಳಿದ್ದು," ಅಂದೆ.

"ಹಾಗಾದರೆ ನಮ್ಮ ಮಗ್ಗದಜ್ಜನ ಅಪ್ಪ ಯಾರು ಪಪ್ಪಾ? ಅವರನ್ನೂ ವಿಚಾರಿಸಿದ್ದೀರಾ?"

ಮಗ್ಗದಜ್ಜ ಅಂದರೆ ನನ್ನ ಅಜ್ಜನ ಅಪ್ಪ. ಹಿಂದೆ ಪಾದ್ರಿಗಳು ನಡೆಸುತ್ತಿದ್ದ ಮಿಶನ್ನಿನ ಮಗ್ಗದ ಕಾರ್ಖಾನೆಗೆ ನಮ್ಮ ಮನೆಯಿಂದ ಮೊದಲು ಸೇರಿದವರು. ನಾನು ಉಂಡೆಗಳನ್ನು ಒಂದೊಂದಾಗಿ ಬೆಂಕಿಪೊಟ್ಟಣಕ್ಕೆ ತಿರುಗಿ ಹಾಕಿದೆ.

ಅವಳು ಎದ್ದು ನಿಂತು ಹೇಳಿದಳು, "ಪ್ರಕಟಣೆ ಬೇಡ. ಊರಲ್ಲಿ ಮದುವೆಯೂ ಬೇಡ. ಇಲ್ಲೇ ಕೊಮ್ಯೂನಿನ ಆಫೀಸಿನಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ. ನಿಮಗೆ ಮನಸ್ಸಿದ್ದರೆ ಬನ್ನಿ."

ಸುಳ್ಳನ್ನು ಹಿಡಿದದ್ದು ನಾನು. ಲೆಕ್ಕದಲ್ಲಿ ಒಂದು ಎಳೆ ತಪ್ಪಲಿಲ್ಲ.

ನವೆಂಬರ್ 3

ಮೆಲಿಸಾ ಮಾತಾಡುವುದಿಲ್ಲ. ಊಟ ಬಡಿಸಿ ಇಡ್ತಾಳೆ. ನಾಲ್ಕು ಗಂಟೆಗೇ ಕತ್ತಲೆ.

ನವೆಂಬರ್ 5

ಇವತ್ತೂ ಹಾಗೇ.

ನವೆಂಬರ್ 8, ಶುಕ್ರವಾರ

ಕೆನೆತ್ ಒಬ್ಬನೇ ಬಂದ, ಮಧ್ಯಾಹ್ನ. ಮೆಲಿಸಾ ಇಲ್ಲದ ಹೊತ್ತಿಗೆ ಯಾಕೆ ಬಂದ ಅಂತ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. ಹತ್ತಿರದಲ್ಲೇ ಲಿಫ್ಟ್ ಕೆಲಸ ಇತ್ತಂತೆ. ಇರಬಹುದು, ಇಲ್ಲದಿರಬಹುದು. ಶೂ ಬಿಚ್ಚಿ ಒಳಗೆ ಬಂದು ಕೂತ.

"ಅಂಕಲ್, ಶಾಲು ಇಲ್ಲ ಅಂತ ಇಟ್ಟುಕೊಳ್ಳಿ. ನನ್ನ ಬಗ್ಗೆ ಎಂತ ಕೇಳಬೇಕೋ ಕೇಳಿ. ಗೊತ್ತಿದ್ದದ್ದು ಹೇಳ್ತೇನೆ," ಅಂದ.

ಐದು ವಾರದಿಂದ ಪ್ರಶ್ನೆಗಳೇ ತಲೆಯಲ್ಲಿ ತುಂಬಿದ್ದವು. ಕೇಳು ಅಂದ ಕೂಡಲೇ ಒಂದೂ ಬರಲಿಲ್ಲ. ನೆನಪು ಮಾಡಿ ನೋಡಿದರೆ ಎಲ್ಲ ಪ್ರಶ್ನೆಯೂ ಶಾಲಿನದ್ದು, ಮುತ್ತಜ್ಜನದ್ದು. ಕೊನೆಗೆ, "ಊಟ ಆಯ್ತಾ?" ಅಂತ ಕೇಳಿದೆ. ಆಗಿರಲಿಲ್ಲ. ಗಂಜಿ, ಚಟ್ನಿ ಇತ್ತು. ಬಡಿಸಿದೆ.

ತಿಂದಾದ ಮೇಲೆ ಅವನೇ ಹೇಳಿದ. "ಮೊದಮೊದಲು ಸುಳ್ಳು ಹೇಳಲಿಕ್ಕೆ ನಾಚಿಕೆ ಆಗ್ತಿತ್ತು. ಆಮೇಲೆ ನೀವು ಕೇಳಿದ ಹಾಗೆ ಹಾಗೆ ಮುತ್ತಜ್ಜನಿಗೆ ಎತ್ತರ ಬಂತು, ಗಡ್ಡ ಬಂತು. ಮನೆಗೆ ಹೋಗುವಾಗ ಟ್ರೇನಿನಲ್ಲಿ ಅವರ ಬಗ್ಗೆಯೇ ಯೋಚನೆ ಮಾಡ್ತಿದ್ದೆ. ನೀವು ಸಾಸರಿನಲ್ಲಿ ಆ ಉಂಡೆ ಇಟ್ಟಿರಲ್ಲ, ಆಗ ಅವರು ಸತ್ತು ಹೋದ ಹಾಗೆ ಆಯ್ತು."

ತಪ್ಪು ಮಾಡಿದವನು ಅವನು, ಬೇಜಾರಾದದ್ದು ನನಗೆ. ಎಳೆ ಎಣಿಸುವುದು ಹೇಗೆ ಅಂತ ಕೇಳಿದ. ಕನ್ನಡಿ ಕೊಟ್ಟು ಕಲಿಸಿದೆ. ಮೊದಲ ಸಲ ತಪ್ಪಿದ, ಎರಡನೇ ಸಲವೂ ತಪ್ಪಿದ. ಮೂರನೇ ಸಲ ಇಪ್ಪತ್ತೆಂಟು ಅಂದ. ಬೆರಳು ಒರಟು ಇದ್ದರೂ ಕಣ್ಣು ಒಳ್ಳೆಯದುಂಟು.

ಹೋಗುವಾಗ ಮೆಲಿಸಾಳ ಬಗ್ಗೆ ಒಂದು ಮಾತು ಹೇಳಿ ಹೋದ. "ಅವಳು ಅಳ್ತಾಳೆ ಅಂಕಲ್. ಅಮ್ಮನ ಪಕ್ಕದಲ್ಲೇ ಮದುವೆ ಆಗಬೇಕು ಅಂತ ಎರಡು ವರ್ಷದಿಂದ ಹೇಳ್ತಿದ್ದಳು." ಇದನ್ನು ಹೇಳಲಿಕ್ಕೇ ಬಂದದ್ದು ಅಂತ ಆಮೇಲೆ ಹೊಳೆಯಿತು.

ನವೆಂಬರ್ 13, ಬುಧವಾರ

ಮೀನಿನ ಅಂಗಡಿಯವ ನಿನ್ನೆಯದ್ದನ್ನು ಇವತ್ತಿನದ್ದು ಅಂತ ಕೊಟ್ಟ. ಕಿವಿರು ನೋಡಿದರೆ ಗೊತ್ತಾಗ್ತದೆ. ತಿಳಿದೂ ತೆಗೊಂಡು ಬಂದೆ, ಕೆನೆತ್ ಸಂಜೆ ಬರ್ತೇನೆ ಅಂದಿದ್ದ. ಬರಲಿಕ್ಕೆ ಆಗಲಿಲ್ಲ, ಎಲ್ಲೋ ಲಿಫ್ಟಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರಂತೆ. ಅವನ ಪಾಲನ್ನು ಮುಳ್ಳು ಬಿಡಿಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.

ಒಂದು ವಿಷಯ ಬರೆದಿಡಬೇಕು, ಹೊರಗೆ ಯಾರಿಗೂ ಹೇಳಿದ್ದಲ್ಲ. ನನ್ನ ಮದುವೆಯ ವರ್ಷ ನಾನು ಚರ್ಚಿನ ಹಳೇ ದೀಕ್ಷಾಸ್ನಾನದ ಪುಸ್ತಕ ತೆರೆಸಿ ನೋಡಿದ್ದೆ. ಮಗ್ಗದಜ್ಜನ ಹೆಸರು ಉಂಟು. ವಯಸ್ಸು ಸುಮಾರು ಎಂಟು. ಕೆಲಸ, ನೂಲು ಸುತ್ತುವುದು. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ದಾರೆ. ಯಾರೋ ಮಗ್ಗದ ಬಾಗಿಲಲ್ಲಿ ಬಿಟ್ಟು ಹೋದ ಮಗು. ಹೆಸರು ಕೊಟ್ಟದ್ದೂ ಪಾದ್ರಿಯೇ. ಆ ಪುಸ್ತಕವನ್ನು ಮುಚ್ಚಿ ಮನೆಗೆ ಬಂದು, ನಮ್ಮದು ಮಿಶನ್ನಿನ ಹಳೇ ಮನೆತನ ಅಂತ ಎಲ್ಲರ ಹತ್ತಿರ ಹೇಳಿಕೊಂಡೆ. ಹೆಂಡತಿ ಇವ್ಲಿನ್‌ಗೆ ಮಾತ್ರ ಗೊತ್ತಿತ್ತು. ಮಗಳಿಗೆ ಅವಳೇ ಹೇಳಿರಬೇಕು. ಆ ಹೆಂಗಸು ಬದುಕಿಡೀ ನನ್ನನ್ನು ಒಮ್ಮೆಯೂ ಅದಕ್ಕೆ ಚುಚ್ಚಲಿಲ್ಲ.

ನನಗೆ ನಾಚಿಕೆ ಆಗ್ತದೆ.

ನವೆಂಬರ್ 17, ಭಾನುವಾರ

ಬೆಳಿಗ್ಗೆ ಒಂಬತ್ತೂವರೆಗೆ ಅಯ್ಯನವರಿಗೆ ಫೋನ್ ಮಾಡಿದೆ. ಊರಲ್ಲಿ ಎರಡು ಗಂಟೆ, ಆರಾಧನೆ ಮುಗಿದು ಊಟ ಆಗಿರ್ತದೆ. ಮೆಲಿಸಾ ಮೇಜಿನ ಆ ಕಡೆ ಕಾಫಿ ಕುಡಿಯುತ್ತಿದ್ದಳು. ಎದ್ದು ಹೋಗಲಿಲ್ಲ. ಬೇಕಂತಲೇ ಕೂತಳೋ, ಕಾಫಿ ಮುಗಿಯಲಿಲ್ಲ ಅಂತ ಕೂತಳೋ ಹೇಳಲಿಕ್ಕೆ ಆಗುವುದಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಪ್ರಕಟಣೆ ಬರೆದುಕೊಳ್ಳಿ ಅಯ್ಯನವರೇ. 24ನೇ ತಾರೀಕಿನಿಂದ ಓದಬೇಕು," ಅಂದೆ.

ಮೆಲಿಸಾ ಕಪ್ಪನ್ನು ಹಿಡಿದಲ್ಲೇ ಹಿಡಿದಳು.

ಹುಡುಗಿಯ ವಿವರ ಅವರಲ್ಲೇ ಇತ್ತು. ಹುಡುಗನ ಹೆಸರು ಬರೆದುಕೊಂಡರು. ದೀಕ್ಷಾಸ್ನಾನ ಆಗಿದೆಯಾ ಅಂತ ಕೇಳಿದರು, ಸಾಕಿದವರು ಮಾಡಿಸಿದ್ದಾರೆ, ಸರ್ಟಿಫಿಕೇಟ್ ಉಂಟು ಅಂದೆ. ಆಮೇಲೆ, "ಯಾರ ಮಗ ಅಂತ ಓದಲಿ?" ಅಂದರು.

"ತಂದೆ ಯಾರು ಅಂತ ಗೊತ್ತಿಲ್ಲ. ಬಿರ್ಗಿಟ್ಟಾ ಅವರ ಸಾಕುಮಗ ಅಂತ ಓದಿ."

ಅಯ್ಯನವರು ಒಳ್ಳೆಯ ಮನುಷ್ಯ, ಮುಂದಿನ ಮಾತು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. "ನನಗೆ ಎಂತ ತೊಂದರೆಯೂ ಇಲ್ಲ ರೇಮಂಡಣ್ಣ. ಆದರೆ ನಮ್ಮ ಸಭೆ ನಿಮಗೇ ಗೊತ್ತುಂಟಲ್ಲ. ಯಾರು ಏನು ಅಂತ ಜನ ಕೇಳ್ತಾರೆ. ಮೂರು ಭಾನುವಾರವೂ ಕೇಳ್ತಾರೆ."

"ನಮ್ಮ ಸಭೆಯಲ್ಲಿ ಕೇಳುವವರ ಪೈಕಿ ದೊಡ್ಡವನು ಯಾರು ಅಯ್ಯನವರೇ? ನಾನೇ ಅಲ್ವಾ? ರೇಮಂಡ್ ಕೇಳಿ ಆಗಿದೆ, ಇನ್ನು ಯಾರೂ ಕೇಳಬೇಕಾಗಿಲ್ಲ ಅಂತ ಹೇಳಿ."

ಆ ಕಡೆಯಿಂದ ಪೆನ್ನಿನ ಶಬ್ದ ಕೇಳಿತು. "ಸಾಕುತಾಯಿಯ ಹೆಸರು ಇನ್ನೊಮ್ಮೆ ಹೇಳಿ, ನನಗೆ ಸಿಕ್ಕಲಿಲ್ಲ," ಅಂದರು.

ನಾನು ಹೇಳಲಿಕ್ಕೆ ನೋಡಿದೆ. ಅಷ್ಟರಲ್ಲಿ ಮೆಲಿಸಾ ಕಪ್ ಕೆಳಗಿಟ್ಟು ಫೋನನ್ನು ತನ್ನ ಕಡೆ ಎಳೆದುಕೊಂಡು, ಬಿರ್ಗಿಟ್ಟಾ ಹೆಸರನ್ನು ಒಂದೊಂದೇ ಅಕ್ಷರವಾಗಿ ನಿಧಾನಕ್ಕೆ ಹೇಳಿದಳು.